ನೀರಂಚಿನ ನೆಲ

ಬಸವನ ಬಾಗೇವಾಡಿಗೆ ಸಮೀಪದ ಇಂಗಳೇಶ್ವರಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ವಿಶಾಲವಾದ ಬಯಲುಸೀಮೆಯಿದೆ. ಅದರಾಚೆಗೆ ಸಹ್ಯಾದ್ರಿಯ ಸಾಲುಗಳಿವೆ. ಎರೆಭೂಮಿಯಲ್ಲಿ ಜೋಳ, ಕಡಲೆ, ತೊಗರಿಗಳನ್ನು ಬೆಳೆಯುವ ಆ ಕಡೆಯ ರೈತನಿಗೆ ನೀರೆಂದರೆ ಬಾವಿಯ ನೀರು, ಹಳ್ಳದ ನೀರು, ಮುಗಿಲನ್ನು ನೋಡುತ್ತ ಕಾಯುವ ಮಳೆಯ ನೀರು. ಡೋಣಿ ನದಿ ಚೆನ್ನಾಗಿ ಹರಿದ ವರ್ಷ ಊರಿಗೆಲ್ಲ ಕಾಳು ಎಂಬ ಮಾತು ಆ ಸೀಮೆಯಲ್ಲಿ ಹಳೆಯದು. ಇಂಥ ನಾಡಿನ ವಿದ್ಯಾರ್ಥಿಗೆ ಕಡಲತೀರದ ರಕ್ಷಣೆಯ ವಿಚಾರವನ್ನು ಹೇಳಿದರೆ, ಅದು ಕಾರವಾರ, ಮಂಗಳೂರುಗಳವರ ಚಿಂತೆ ಎಂದು ಅವನಿಗೆ ತೋರುವುದು ಸಹಜ.

ಆದರೆ ದಡವೆಂಬುದು ಕಡಲಿಗೆ ಮಾತ್ರ ಇರುವಂಥದಲ್ಲ. 1964ನೆಯ ಇಸವಿಯ ಮೇ 22ರಂದು, ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ನಾಲ್ಕು ದಶಕಗಳ ಕಾಲ ಕುಂಟುತ್ತ ಸಾಗಿದ ಆ ಕಾಮಗಾರಿ ಮುಗಿದು, 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಹಿಂದೆ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು, ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆ ಊರಿನ ಬಳಿ ನಿಂತು ನೋಡಿದರೆ, ಮಳೆಗಾಲದ ಕೊನೆಯಲ್ಲಿ ಆಚೆಯ ದಡ ಕಣ್ಣಿಗೆ ಸುಲಭವಾಗಿ ನಿಲುಕುವುದಿಲ್ಲ. ಗಾಳಿ ಬೀಸಿದಾಗ ಅಲೆಗಳು ಏಳುತ್ತವೆ. ಕಪ್ಪು ಮಣ್ಣಿನ ಅಂಚನ್ನು ಬಡಿಯುತ್ತವೆ. ತುಂಬಿದ ಜಲಾಶಯದ ಮಟ್ಟವನ್ನು 519.6 ಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಅದೂ ಸಮುದ್ರಮಟ್ಟದಿಂದ ಅಳೆದ ಲೆಕ್ಕವೇ. ಕಡಲಿಗೂ ಬಿಜಾಪುರದ ಬಯಲಿಗೂ ಇರುವ ನಂಟು ಇಷ್ಟೇ ಎಂದು ನಗೆಯಾಡುವವರು ಆಡಿಕೊಳ್ಳಲಿ. ಹೀಗೆ ಹಿಂದೆಂದೂ ಇಲ್ಲದಿದ್ದ ಉದ್ದನೆಯ ದಡವೊಂದು ಆ ಜಿಲ್ಲೆಯ ಪಾಲಿಗೆ ಬಂದಿತು. ಅದನ್ನು ಬಾಳಿಸುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ತಲೆತಲಾಂತರಗಳಿಂದ ದಡದ ಮೇಲೆಯೇ ಬದುಕಿದ ಜನರ ಅನುಭವವನ್ನು ನೋಡಬೇಕು.

ನೆಲ ಮುಗಿದು ನೀರು ತೊಡಗುವ ಸ್ಥಳವನ್ನು ಭೂಪಟದಲ್ಲಿ ಒಂದು ಗೆರೆಯಾಗಿ ಬರೆಯುತ್ತಾರೆ. ನಿಸರ್ಗದಲ್ಲಿ ಅಂಥ ಗೆರೆಯಿಲ್ಲ. ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ನೀರಾಗಿ, ಇಳಿತದಲ್ಲಿ ನೆಲವಾಗಿ ಕಾಣುವ ಒಂದು ಪಟ್ಟಿ ಇದೆ. ಅದು ಉಳುವವನಿಗೆ ಹೊಲವಲ್ಲ, ಹಡಗಿನವನಿಗೆ ಕಡಲಲ್ಲ. ಸರಕಾರಿ ದಫ್ತರಗಳಲ್ಲಿ ಇಂಥ ನೆಲ ಬಹುಕಾಲ ಪಾಳು, ಖರಾಬು ಎಂದೇ ಕರೆಯಿಸಿಕೊಂಡಿತು. ದಡಕ್ಕೆ ಒದಗಿದ ಕೇಡುಗಳಲ್ಲಿ ಬಹುಪಾಲು ಈ ಒಂದು ಹೆಸರಿನಿಂದಲೇ ಹುಟ್ಟಿದುವೆಂದರೆ ತಪ್ಪಾಗದು. ಪಾಳೆಂದು ಕರೆದ ಮೇಲೆ ತುಂಬುವುದು, ಅಗೆಯುವುದು, ಗುತ್ತಿಗೆಗೆ ಕೊಡುವುದು ಎಲ್ಲವೂ ಸುಧಾರಣೆಯೆಂದೇ ಎಣಿಸಲ್ಪಡುತ್ತವೆ.

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರವನ್ನು ಮುಟ್ಟುವ ನದಿಗಳು ಈಗ ವಿರಳ, ಅಂಥವುಗಳಲ್ಲಿ ಇದೊಂದು. ಅದರ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಬೆಟ್ಟದಿಂದ ಬಂದ ಎಲೆಕೊಳೆ, ಮೆಕ್ಕಲು ಮಣ್ಣು ಅಲ್ಲಿ ತಂಗುತ್ತವೆ. ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಈ ಗಿಡಗಳ ಬಾಳು ವಿಚಿತ್ರವಾದುದು. ಕೆಸರಿನೊಳಗೆ ಗಾಳಿ ಸಾಲದೆಂದು ಕೆಲವು ಜಾತಿಗಳು ಬೇರುಗಳನ್ನೇ ಉಸಿರಾಟಕ್ಕಾಗಿ ಮೇಲಕ್ಕೆತ್ತಿ ನಿಲ್ಲುತ್ತವೆ. ಮತ್ತೆ ಕೆಲವು ಕಾಂಡದಿಂದ ಊರುಗೋಲುಗಳಂತೆ ಬೇರುಗಳನ್ನು ಇಳಿಬಿಟ್ಟು ಅಲೆಗಳ ಹೊಡೆತಕ್ಕೆ ಅಲುಗದೆ ನಿಲ್ಲುತ್ತವೆ. ಬೀಜ ನೀರಿನಲ್ಲಿ ಕೊಚ್ಚಿಹೋಗದಂತೆ ತಾಯಿಗಿಡದ ಮೇಲೆಯೇ ಮೊಳೆತು, ಮೊಳಕೆ ಉದ್ದವಾದ ಮೇಲೆ ಕೆಸರಿಗೆ ಬಿದ್ದು ನಾಟಿಕೊಳ್ಳುವ ಜಾತಿಯೂ ಉಂಟು. ಈ ಬೇರುಗಳ ಜಾಲದಲ್ಲಿ ಮೀನಿನ ಮರಿಗಳಿಗೂ ಸಿಗಡಿಯ ಮರಿಗಳಿಗೂ ಆಸರೆ ದೊರೆಯುತ್ತದೆ. ಆಳವಾದ ಕಡಲಿನಲ್ಲಿ ಹಿಡಿಯುವ ಮೀನುಗಳಲ್ಲಿಯೂ ಎಷ್ಟೋ ಜಾತಿಗಳು ಎಳೆತನವನ್ನು ಇಂಥ ಅಳಿವೆಗಳಲ್ಲಿ ಕಳೆದುವೇ ಆಗಿವೆ.

ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ಮರಳುದಿಬ್ಬಗಳು ತಲೆಯೆತ್ತುತ್ತವೆ. ಆಗ ಸುತ್ತಲಿನ ಹಳ್ಳಿಗಳ ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಬೆಳಚು ಮೊದಲಾದ ಚಿಪ್ಪುಜೀವಿಗಳನ್ನು ಆಯಲು ಹೋಗುತ್ತಾರೆ. ಅದಕ್ಕೆ ದೋಣಿಯ ಬಂಡವಾಳ ಬೇಡ, ಭೂಮಿಯ ಪಹಣಿ ಬೇಡ. ಕೈಯೂ ಬುಟ್ಟಿಯೂ ಇದ್ದವರ ಮನೆಯಲ್ಲಿ ಅಂದಿನ ಸಾರಿಗೆ ಪದಾರ್ಥವಾಯಿತು, ಮಾರಿದರೆ ಅಕ್ಕಿಗೆ ಕಾಸಾಯಿತು. ಹೊಲವಿಲ್ಲದವರ ಹೊಲವೆಂದು ಆ ದಿಬ್ಬಗಳನ್ನು ಕರೆಯಬಹುದು. ಯಾವ ಕಚೇರಿಯ ಲೆಕ್ಕದ ಪುಸ್ತಕದಲ್ಲಿಯೂ ಆ ಆದಾಯ ಸುಲಭವಾಗಿ ಕಾಣಸಿಗುವುದಿಲ್ಲ. ಆದುದರಿಂದಲೇ ಅದು ಹೋದಾಗ ಹೋಯಿತೆಂದು ಹೇಳುವವರೂ ಕಡಿಮೆ.

ಅಳಿವೆಯ ಇಕ್ಕೆಲಗಳಲ್ಲಿ ಗಜನಿ ಎಂಬ ತಗ್ಗು ಗದ್ದೆಗಳಿವೆ. ಇವುಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಉಪ್ಪುನೀರು ನುಗ್ಗದಂತೆ ಊರಿನವರು ಕೂಡಿ ಮಣ್ಣಿನ ಕಟ್ಟೆಗಳನ್ನು ಹಾಕುತ್ತಿದ್ದರು. ಮಳೆಯ ನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತ ಬೆಳೆಯುತ್ತಿತ್ತು. ಕಗ್ಗ ಉಪ್ಪನ್ನು ಸಹಿಸುವ ತಳಿ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದೆ ಎದ್ದು ನಿಲ್ಲುವ ತಳಿ. ಅದಕ್ಕೆ ಗೊಬ್ಬರ ಹಾಕುವವರಿರಲಿಲ್ಲ. ನದಿ ತಂದ ಮೆಕ್ಕಲೇ ಗೊಬ್ಬರ. ಕೊಯ್ಲು ಮುಗಿದ ಮೇಲೆ ತೂಬುಗಳನ್ನು ತೆರೆದು ಉಬ್ಬರದ ನೀರನ್ನು ಗದ್ದೆಗೆ ಬಿಡುತ್ತಿದ್ದರು. ನೀರಿನೊಂದಿಗೆ ಸಿಗಡಿ, ಮೀನುಗಳು ಒಳಗೆ ಬಂದು, ಕೂಳೆ ಕೊಳೆತುದನ್ನು ತಿಂದು ಬೆಳೆಯುತ್ತಿದ್ದುವು. ಹೀಗೆ ಒಂದೇ ನೆಲ ಮಳೆಗಾಲದಲ್ಲಿ ಅನ್ನವನ್ನೂ ಉಳಿದ ಕಾಲದಲ್ಲಿ ಮೀನನ್ನೂ ಕೊಡುತ್ತಿತ್ತು. ಕಟ್ಟೆಗೆ ಅಲೆ ಬಡಿಯದಂತೆ ಹೊರಗಡೆ ಕಾಂಡ್ಲಾ ಗಿಡಗಳು ನಿಂತಿರುತ್ತಿದ್ದುವು. ಆದ್ದರಿಂದ ಅವುಗಳನ್ನು ಕಡಿಯಬಾರದೆಂಬ ತಿಳಿವಳಿಕೆ ಊರಿಗಿತ್ತು.

ವರ್ಷ ವರ್ಷವೂ ಮಣ್ಣಿನ ಕಟ್ಟೆ ಒಡೆಯುವುದು, ವರ್ಷ ವರ್ಷವೂ ಜನ ಮೈಮುರಿದು ಅದನ್ನು ಕಟ್ಟುವುದು ಕಷ್ಟದ ಕೆಲಸವೇ ಸರಿ. ಆ ಕಷ್ಟವನ್ನು ತಪ್ಪಿಸುವ ಒಳ್ಳೆಯ ಉದ್ದೇಶದಿಂದ 1970ರ ದಶಕದಲ್ಲಿ ಸರಕಾರ ಕಲ್ಲಿನ ಶಾಶ್ವತ ಕಟ್ಟೆಗಳನ್ನು ಹಾಕಿಸಿತು. ಕಟ್ಟೆ ಗಟ್ಟಿಯಾಯಿತು, ಊರಿನ ಕಟ್ಟು ಸಡಿಲವಾಯಿತು. ಕೂಡಿ ದುಡಿಯುವ ಅಗತ್ಯ ಇಲ್ಲವಾದಾಗ ಕೂಡಿ ಯೋಚಿಸುವ ರೂಢಿಯೂ ತಪ್ಪಿತು. ಕಟ್ಟೆಯನ್ನು ಕಾಯುವ ಗಿಡಗಳ ನೆನಪು ಯಾರಿಗೆ ಬೇಕು? ಮುಂದಿನ ದಶಕಗಳಲ್ಲಿ ಸಿಗಡಿಗೆ ಹೊರದೇಶಗಳಲ್ಲಿ ಬೆಲೆ ಏರಿತು. ಗಜನಿಗಳು ಗುತ್ತಿಗೆದಾರರ ಕೈಗೆ ಹೋದುವು. ವರ್ಷವಿಡೀ ಉಪ್ಪುನೀರನ್ನು ನಿಲ್ಲಿಸಿದಾಗ ಕಗ್ಗಕ್ಕೆ ಎಡೆಯಿಲ್ಲವಾಯಿತು. ನೆರೆಯ ಗದ್ದೆಗಳೂ ಬಾವಿಗಳೂ ಉಪ್ಪಾದುವು. 1990ರ ದಶಕದ ನಡುವಿನಲ್ಲಿ ವೈರಸ್ ರೋಗ ತಗುಲಿ ಸಿಗಡಿ ಕೃಷಿ ಕುಸಿಯಿತು. ದೇಶದ ಎಲ್ಲ ಕರಾವಳಿಗಳಿಂದಲೂ ಇಂಥ ದೂರುಗಳೇ ಕೇಳಿಬರುತ್ತಿದ್ದುದರಿಂದ, 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕರಾವಳಿಯ ನಿಯಂತ್ರಿತ ವಲಯದಲ್ಲಿ ಸಿಗಡಿ ಕೊಳಗಳನ್ನು ನಿಷೇಧಿಸುವ ತೀರ್ಪನ್ನಿತ್ತಿತು. ಆಗಲೂ ಸಾಂಪ್ರದಾಯಿಕ ಪದ್ಧತಿಯ ಸಿಗಡಿ ಕೃಷಿಗೆ ಅದು ವಿನಾಯಿತಿ ನೀಡಿತೆಂಬುದನ್ನು ಗಮನಿಸಬೇಕು. ಹಳೆಯ ಪದ್ಧತಿಗೂ ಹೊಸ ಲಾಭಕೋರತನಕ್ಕೂ ಇರುವ ಅಂತರವನ್ನು ನ್ಯಾಯಾಲಯ ಗುರುತಿಸಿತು.

ಇಲ್ಲಿ ಗುತ್ತಿಗೆಗೆ ಗದ್ದೆ ಕೊಟ್ಟ ಬಡ ರೈತನನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕಗ್ಗಕ್ಕೆ ಪೇಟೆಯಲ್ಲಿ ಬೆಲೆಯಿರಲಿಲ್ಲ. ಸಿಗಡಿಯ ಗುತ್ತಿಗೆದಾರ ಹಣವನ್ನು ಕೈಗೇ ತಂದುಕೊಟ್ಟ. ಒಬ್ಬೊಬ್ಬನ ಪಾಲಿಗೂ ಸರಿಯಾಗಿ ಕಂಡದ್ದು ಎಲ್ಲರೂ ಸೇರಿ ಮಾಡಿದಾಗ ಊರಿಗೆ ಕೇಡಾಯಿತು. ಅದನ್ನು ತಡೆಯಬಲ್ಲದ್ದು ಊರಿನ ಕೂಡುನಿರ್ಧಾರವೊಂದೇ ಆಗಿತ್ತು; ಅದೇ ಮೊದಲು ಕೈಬಿಟ್ಟುಹೋಗಿತ್ತು. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ರೈತರು ಒಂದಾಗಿ ಕಗ್ಗವನ್ನು ಉಳಿಸಿಕೊಂಡರೆಂಬುದು ಇದೇ ಮಾತಿಗೆ ಇನ್ನೊಂದು ಕಡೆಯಿಂದ ಸಾಕ್ಷಿ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಹಲವು ದೇಶಗಳು ಕೂಡಿ ಮಾಡಿಕೊಂಡ ಒಪ್ಪಂದದಂತೆ, ಜಗತ್ತಿಗೇ ಮುಖ್ಯವಾದ ಜೌಗುನೆಲಗಳನ್ನು ಆ ಪಟ್ಟಿಯಲ್ಲಿ ಸೇರಿಸುತ್ತಾರೆ. ಒಂದು ಕಾಲಕ್ಕೆ ಪಾಳೆನಿಸಿದ ಕೆಸರು ಹೀಗೆ ಗೌರವಕ್ಕೆ ಪಾತ್ರವಾಯಿತು.

ಮೀನುಗಾರಿಕೆಯಲ್ಲಿಯೂ ಇದೇ ಬಗೆಯ ಪಲ್ಲಟ ನಡೆಯಿತು. ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಎಂಬ ಮಹಾಬಲೆಯಿತ್ತು. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು, ದಡದತ್ತ ಬಂದ ಬಂಗುಡೆಯ ಹಿಂಡನ್ನು ಸುತ್ತುವರಿದು, ಎರಡು ತುದಿಗಳನ್ನು ದಡದಲ್ಲಿ ನಿಂತ ಜನ ಎಳೆಯುತ್ತಿದ್ದರು. ಹತ್ತಾರು ಜನರಿಂದ ಆಗದ ಕೆಲಸವದು. ದೊಡ್ಡ ಬಲೆಗೆ ನೂರು ಜನರೂ ಸಾಲರು. ಎಳೆಯಲು ಕೈಹಾಕಿದವರಿಗೆಲ್ಲ ಪಾಲಿತ್ತು. 1970ರ ದಶಕದ ನಡುಭಾಗದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಗಳನ್ನು ಹೊತ್ತು, ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಸುತ್ತುಗಟ್ಟಿ ಹಿಡಿಯತೊಡಗಿದುವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಯಂತ್ರದಿಂದ ಬಂದ ಸಂಪತ್ತು ಸುಳ್ಳಲ್ಲ. ಮಲ್ಪೆ, ಮಂಗಳೂರುಗಳ ಬಂದರುಗಳಲ್ಲಿ ಸಾವಿರಾರು ಕುಟುಂಬಗಳು ಅದರಿಂದ ಬದುಕಿವೆ. ಆದರೆ ಮೀನು ಮರಿ ಹಾಕುವ ಕಾಲವನ್ನು ಕಡಲಿಗೆ ಬಿಡಬೇಕೆಂಬುದನ್ನು ಯಂತ್ರ ತಾನಾಗಿ ಅರಿಯಲಾರದು. ಹಿಂದೆ ಮಳೆಗಾಲದ ಅಬ್ಬರವೇ ಆ ನಿಯಮವನ್ನು ಜಾರಿಗೆ ತರುತ್ತಿತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂದು ಸರಕಾರವೇ ಆಜ್ಞೆ ಮಾಡಬೇಕಾಗಿದೆ. ರಾತ್ರಿ ಪ್ರಖರವಾದ ದೀಪ ಹಚ್ಚಿ ಮೀನನ್ನು ಸೆಳೆದು ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು.

ದಡದ ಮಣ್ಣು, ಮರಳುಗಳ ವಿಚಾರ ಇನ್ನೊಂದು. ಉಳ್ಳಾಲದಂಥ ಕಡೆಗಳಲ್ಲಿ ಕಡಲ್ಕೊರೆತ ಮನೆಗಳನ್ನೂ ತೆಂಗಿನ ಮರಗಳನ್ನೂ ನುಂಗಿದಾಗ, ಜನ ಕಲ್ಲಿನ ಗೋಡೆ ಬೇಕೆಂದು ಕೂಗುವುದು ಸಹಜ. ಗೋಡೆ ಕಟ್ಟಿದೆಡೆ ದಡ ಕೆಲಕಾಲ ಉಳಿಯುತ್ತದೆ. ಆದರೆ ಕಡಲತೀರದ ಮರಳು ಒಂದೆಡೆ ನಿಂತಿರುವಂಥದಲ್ಲ. ಅಲೆಗಳೊಂದಿಗೆ ದಡದುದ್ದಕ್ಕೂ ಸಾಗುತ್ತಿರುವಂಥದು. ಒಂದೆಡೆ ಅದನ್ನು ತಡೆದರೆ ಮುಂದಿನ ಊರಿಗೆ ಮರಳಿನ ಕೊರತೆಯಾಗಿ ಕೊರೆತ ಅಲ್ಲಿ ತೊಡಗುತ್ತದೆ. ಇನ್ನು, ತೀರಕ್ಕೆ ಮರಳನ್ನು ತಂದು ಕೊಡುವವು ನದಿಗಳೇ. ಮೇಲೆ ಅಣೆಕಟ್ಟುಗಳು ಅದನ್ನು ಹಿಡಿದಿಟ್ಟು, ಕೆಳಗೆ ಲಾರಿಗಳು ಅದನ್ನು ಹೊತ್ತೊಯ್ದರೆ, ಕಡಲು ಹಸಿದು ದಡವನ್ನು ತಿನ್ನದೆ ಇದ್ದೀತೇ?

ಇವೆಲ್ಲವನ್ನು ಕಂಡು 1991ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. ಉಬ್ಬರದ ಗೆರೆಯಿಂದ 500 ಮೀಟರ್ ವರೆಗಿನ ನೆಲದಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬ ಕಟ್ಟಳೆ ಅದರಿಂದ ಬಂದಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಹೊಸದಾಗಿ ಬರೆದರು. 2019ರ ನಿಯಮ ಜನದಟ್ಟಣೆಯ ಗ್ರಾಮಗಳಲ್ಲಿ ಕಟ್ಟಡವಿಲ್ಲದೆ ಬಿಡಬೇಕಾದ ಅಂತರವನ್ನು 50 ಮೀಟರಿಗೆ ಇಳಿಸಿತು. ದಡದ ಬಡವರಿಗೆ ಮನೆ ಕಟ್ಟಿಕೊಳ್ಳಲು ಇದರಿಂದ ಅನುಕೂಲವೆಂಬ ವಾದವುಂಟು, ಅದರಲ್ಲಿ ಹುರುಳೂ ಉಂಟು. ಆದರೆ ಬಿಟ್ಟುಕೊಟ್ಟ ನೆಲದಲ್ಲಿ ಮೀನುಗಾರನ ಗುಡಿಸಲಿಗಿಂತ ಮೊದಲು ಏಳುವುದು ಹಣವಂತರ ವಸತಿಗೃಹವೇ ಎಂಬ ಭಯ ಆಧಾರವಿಲ್ಲದ್ದಲ್ಲ.

ಕೊರತೆಯ ಕಾನೂನಾದರೂ ಕಡಲಿಗೆ ಒಂದು ಕಾನೂನಿದೆ. ಕೃಷ್ಣೆಯ ಹೊಸ ದಡಕ್ಕೆ ಅದೂ ಇಲ್ಲ. ಕರಾವಳಿಯ ಕಟ್ಟಳೆ ಒಳನಾಡಿನ ಜಲಾಶಯಕ್ಕೆ ಅನ್ವಯಿಸದು. ಜೌಗುನೆಲಗಳ ರಕ್ಷಣೆಗೆಂದು 2017ರಲ್ಲಿ ಬಂದ ಕೇಂದ್ರದ ನಿಯಮಗಳು ನೀರಾವರಿಗೆಂದೇ ಕಟ್ಟಿದ ಜಲರಾಶಿಗಳನ್ನು ಹೆಸರಿಸಿ ಹೊರಗಿಟ್ಟಿವೆ. ಹೀಗಾಗಿ ಆಲಮಟ್ಟಿಯ ಹಿನ್ನೀರಿನ ದಂಡೆ ಕಡಲ ದಂಡೆಯೂ ಅಲ್ಲ, ಜೌಗುನೆಲವೂ ಅಲ್ಲ. ಮತ್ತೆ ಅದೇ ಹಳೆಯ ಹೆಸರಿಲ್ಲದ ನೆಲ.

ಆ ನೆಲವಾದರೋ ಬರಿದಾಗಿಲ್ಲ. ಬೇಸಗೆ ಸಮೀಪಿಸಿದಂತೆ ನೀರು ಹಿಂದೆ ಸರಿದು, ವಿಸ್ತಾರವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಬಾಗಲಕೋಟೆಯ ಕಡೆಯ ಹಿನ್ನೀರಿಗೆ ರಾಜಹಂಸಗಳೂ, ದೂರದೇಶದ ಕೊಕ್ಕರೆಗಳೂ ಬಂದಿಳಿಯುವುದುಂಟು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಪ್ರಸಿದ್ಧವಾಗಿವೆ. ಆ ಕೆರೆಯೂ 2024ರಲ್ಲಿಯೇ ರಾಮ್ಸಾರ್ ಪಟ್ಟಿಯನ್ನು ಸೇರಿತು. ಮನುಷ್ಯ ಕಟ್ಟಿದ ಕೆರೆಯೂ ಹಕ್ಕಿಗಳಿಗೆ ಮನೆಯಾಗಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರಿದ್ದಾರೆ. ನೀರು ಬಿಟ್ಟ ಹಸಿ ಮಣ್ಣಿನಲ್ಲಿ ಬೆಳೆ ತೆಗೆಯುವವರಿದ್ದಾರೆ. ಅವರಲ್ಲಿ ಹಲವರು ಅದೇ ನೆಲವನ್ನು ಮುಳುಗಡೆಗೆ ಕೊಟ್ಟವರು.

ಎರೆಮಣ್ಣಿನ ಸ್ವಭಾವವನ್ನೂ ಮರೆಯಬಾರದು. ಒಣಗಿದಾಗ ಅದು ಆಳವಾಗಿ ಬಿರಿಯುತ್ತದೆ. ನೆನೆದಾಗ ಉಬ್ಬಿ ಕುಸಿಯುತ್ತದೆ. ಪ್ರತಿವರ್ಷ ತುಂಬಿ ಪ್ರತಿವರ್ಷ ಇಳಿಯುವ ಜಲಾಶಯದ ಅಂಚಿನಲ್ಲಿ ಹುಲ್ಲಿನ ಹೊದಿಕೆಯೂ ಇಲ್ಲದೆ ಇಂಥ ಮಣ್ಣನ್ನು ಬಿಟ್ಟರೆ, ಅಲೆಗಳು ಅದನ್ನು ಕರಗಿಸಿ ಒಳಕ್ಕೆ ಎಳೆದುಕೊಳ್ಳುತ್ತವೆ. ಹೀಗೆ ಹೂಳಾಗಿ ಸೇರಿದ ಮಣ್ಣು ಅಷ್ಟು ನೀರಿನ ಜಾಗವನ್ನು ಕಬಳಿಸುತ್ತದೆ. ಡೋಣಿಯ ಪಾತ್ರ ಹೂಳಿನಿಂದಲೂ ಜಾಲಿಯ ಪೊದೆಗಳಿಂದಲೂ ತುಂಬಿ, ಮಳೆ ಬಂದಾಗ ಅದು ಹೊಲಗಳಿಗೆ ನುಗ್ಗುವುದನ್ನು ಆ ಸೀಮೆಯ ಜನ ಕಾಣುತ್ತಲೇ ಇದ್ದಾರೆ. ಕಾಳು ಕೊಡುತ್ತದೆಂದು ಹೊಗಳಿಸಿಕೊಂಡ ನದಿ ಕಾಳನ್ನು ಕೊಚ್ಚಿಕೊಂಡು ಹೋಗುವಂತಾದುದು ದಂಡೆ ಕೆಟ್ಟುದರಿಂದ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಿಂದ ನೀರನ್ನು ಬಯಸುವ ಬಾಗೇವಾಡಿ, ಸಿಂದಗಿಯ ರೈತ, ದಂಡೆಯ ಹುಲ್ಲು ಹಕ್ಕಿಯ ಸಲುವಾಗಿ ಮಾತ್ರ ಇದೆಯೆಂದು ತಿಳಿದರೆ ತನ್ನ ಕಾಲುವೆಯ ನೀರನ್ನೇ ತಾನು ಕಡೆಗಣಿಸಿದಂತೆ.

ಕೂಡಲಸಂಗಮದಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವೆಡೆ, ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ, ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಅದರ ಸುತ್ತ ಎತ್ತರವಾದ ಬಾವಿಯಂಥ ಗೋಡೆಯನ್ನು ಕಟ್ಟಿದರು. ಯಾತ್ರಿಕರು ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತಾರೆ. ಸುತ್ತಲೂ ನೀರು, ನಡುವೆ ಒಣಗಿದ ನೆಲ. ನೀರು ಬರುವ ಮೊದಲೇ ಯೋಚಿಸಿದರೆ ಯಾವುದನ್ನು ಉಳಿಸಬೇಕೋ ಅದನ್ನು ಉಳಿಸಬಹುದೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಆದರೆ ಹಾಗೆ ಯೋಚಿಸಿದ್ದು ಒಂದು ಪುಣ್ಯಸ್ಥಳಕ್ಕಾಗಿ ಮಾತ್ರ. ನೂರಕ್ಕೂ ಹೆಚ್ಚು ಹಳ್ಳಿಗಳ ದಂಡೆ, ಘಾಟು, ಹುಲ್ಲುಗಾವಲು, ಮಡುಗಳ ಕುರಿತು ಅಂಥ ಮುಂದಾಲೋಚನೆ ನಡೆಯಲಿಲ್ಲ. ಮನೆಗೆ ಪರಿಹಾರ ಬಂದಿತು, ಹೊಲಕ್ಕೆ ಪರಿಹಾರ ಬಂದಿತು. ಎಲ್ಲರಿಗೂ ಸೇರಿದ್ದ ದಂಡೆಗೆ ಯಾರ ಹೆಸರಿನಲ್ಲಿ ಪರಿಹಾರ ಬರಬೇಕು?

ಈ ಪ್ರಶ್ನೆ ಮುಗಿದುಹೋದ ಕಾಲದ್ದಲ್ಲ. 2010ರಲ್ಲಿ ಕೃಷ್ಣಾ ನದಿ ನೀರಿನ ವಿವಾದದ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್ ವರೆಗೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಅನುಮತಿಯಿತ್ತಿತು. ರಾಜ್ಯ ರಾಜ್ಯಗಳ ನಡುವಣ ವ್ಯಾಜ್ಯ ತೀರಿ ಅದು ಕೈಗೂಡಿದರೆ, ಈಗಿನ ಮಟ್ಟಕ್ಕಿಂತ ನಾಲ್ಕೂವರೆ ಮೀಟರಿಗೂ ಮೇಲಕ್ಕೆ ನೀರು ಏರುತ್ತದೆ. ಸಮತಟ್ಟಾದ ಎರೆಬಯಲಿನಲ್ಲಿ ಅಷ್ಟು ಏರಿಕೆಯೆಂದರೆ ದಂಡೆ ಬಹಳ ದೂರ ಸರಿಯುತ್ತದೆ. ಈಗಿನ ದಂಡೆ ಮುಳುಗಿ, ಈಗ ಜೋಳ ನಿಂತಿರುವೆಡೆ ಹೊಸ ದಂಡೆ ಬರುತ್ತದೆ. ಮುಳುಗುವ ಎಕರೆಗಳನ್ನು ಎಣಿಸುವ ಮೋಜಣಿದಾರರು ಎಲ್ಲಿಯವರೆಗೆ ನೀರು ಬರುವುದೆಂದು ಕಲ್ಲು ನೆಡುವುದು ವಾಡಿಕೆ. ಆ ಕಲ್ಲಿನಾಚೆಗೆ ಇನ್ನಷ್ಟು ಮಾರು ನೆಲವನ್ನು ದಂಡೆಯೆಂದೇ ಬರೆದು ಬಿಡಬೇಕು. ಅದನ್ನು ಗ್ರಾಮ ಪಂಚಾಯಿತಿಗಳ ವಶಕ್ಕೆ ಕೊಡಬೇಕು. ದನ ಮೇಯಲು ಎಷ್ಟು, ತೆಪ್ಪ ಕಟ್ಟಲು ಎಷ್ಟು, ಹುಲ್ಲು ಗಿಡ ಬೆಳೆಯಲು ಎಷ್ಟು, ಯಾವ ತಿಂಗಳಲ್ಲಿ ಮೀನಿಗೆ ಬಲೆ ಹಾಕಬಾರದು ಎಂಬುದನ್ನು ಮುಳುಗಡೆಯಾಗುವ ಊರುಗಳ ಹೆಂಗಸರೂ ಗಂಡಸರೂ ಕುಳಿತು ಗೊತ್ತುಮಾಡಬೇಕು. ಕಲ್ಲು ನೆಡುವ ಮೊದಲು ಇದನ್ನು ಮಾಡಿದರೆ ಒಂದು ಬೇಸಗೆ ಸಾಕು. ನೀರು ಬಂದ ಮೇಲೆ ಮಾಡಹೊರಟರೆ, ಅಷ್ಟರಲ್ಲಿ ದಂಡೆಯ ಮೇಲೆ ಯಾರದೋ ಬೇಲಿ ಎದ್ದಿರುತ್ತದೆ.